ಮಾಳಿಗೆ ಮೇಲೆ ಹೂಬಿಡುವ ಬೋನ್ಸಾಯ್: ವಾಟರ್ ಜಾಸ್ಮಿನ್, ಕಾಮಿನಿ, ದಾಳಿಂಬೆ

ಕುಂಡದಲ್ಲೇ ಗಿಡ್ಡ ಮರದ ಹಾಗೆ ಬೆಳೆಸುವ ಬೋನ್ಸಾಯ್‌ಗೆ ಈ ಮೂರರಲ್ಲಿ ಯಾವುದು ಒಳ್ಳೆಯದು ಅಂದರೆ ನನ್ನ ಮತ ವಾಟರ್ ಜಾಸ್ಮಿನ್‌ಗೆ, ಮೊದಲೇ ಹೇಳಿಬಿಡುತ್ತೇನೆ. ಬಾಗಲಕೋಟೆ ನವನಗರದ ನಮ್ಮ ಮಾಳಿಗೆ ಮೇಲೆ ಈ ಮೂರನ್ನೂ ಕುಂಡದಲ್ಲಿ ಬೆಳೆಸಿ ನೋಡಿದ್ದೇನೆ. ಆಲ, ಅತ್ತಿ, ಬಸರಿ ಯಾರು ಬೇಕಾದರೂ ಬೆಳೆಸುತ್ತಾರೆ. ನನಗೆ ಹೂವು ಬೇಕಿತ್ತು, ಅದೂ ವರ್ಷಕ್ಕೆ ಒಂದೇ ಸಲ ಬಿಟ್ಟು ಸುಮ್ಮನಾಗುವ ಹೂವಲ್ಲ.

ವಾಟರ್ ಜಾಸ್ಮಿನ್ ನಮ್ಮ ಕಡೆಯ ನರ್ಸರಿಗಳಲ್ಲಿ ಸಿಗುವುದು ಅಪರೂಪ. ನಾನು ಹೊರಗಿನಿಂದ ತರಿಸಿಕೊಂಡೆ, ಬೆರಳು ದಪ್ಪದ ಗಿಡಕ್ಕೆ ಒಂಬೈನೂರು ರೂಪಾಯಿ ಬಿತ್ತು. ಮಲ್ಲಿಗೆಗೂ ಇದಕ್ಕೂ ಸಂಬಂಧವಿಲ್ಲ. ಇದು ಕಣಗಿಲೆಯ ಕುಟುಂಬದ್ದು, ಶಾಸ್ತ್ರೀಯ ಹೆಸರು ರೈಟಿಯಾ ರಿಲಿಜಿಯೋಸಾ. ಚನ್ನಪಟ್ಟಣದ ಬೊಂಬೆ ಮಾಡುತ್ತಾರಲ್ಲ, ಆ ಆಲೆ ಮರವೂ ರೈಟಿಯಾನೇ. ಥಾಯ್ಲೆಂಡ್, ಮಲೇಷ್ಯಾ, ವಿಯೆಟ್ನಾಂ ಕಡೆ ಇದನ್ನು ಬೋನ್ಸಾಯ್ ಮಾಡುವವರು ಬಹಳ ಜನ.

ಮುತ್ತಲ, ಕಕ್ಕೆ ಯಾಕಿಲ್ಲ ಅಂತ ಕೇಳಬಹುದು. ಎಲೆ ದೊಡ್ಡದು. ಎಷ್ಟು ಸವರಿದರೂ ಗಿಡ ಮರದ ಹಾಗೆ ಕಾಣುವುದಿಲ್ಲ.

ದಾಳಿಂಬೆ ನನಗೆ ಪುಕ್ಕಟೆ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ದಾಳಿಂಬೆ ತೋಟಕ್ಕೆ ಬರವಿಲ್ಲ, ತೋಟ ಕೀಳುವವರೂ ಇದ್ದಾರೆ. ಅಂಥ ಕಡೆ ಹಳೆಯ ಬುಡ ಕೇಳಿದರೆ ಕೊಡುತ್ತಾರೆ. ತಿರುಚಿಕೊಂಡ ಬೊಡ್ಡೆ, ಸೀಳಿದ ತೊಗಟೆ, ನೋಡಲು ಬಲು ಚೆಂದ. ಬಿಸಿಲಿಗೂ ಜಗ್ಗುವುದಿಲ್ಲ, ನಮ್ಮ ಬೋರಿನ ಸುಣ್ಣದ ನೀರಿಗೂ ಜಗ್ಗುವುದಿಲ್ಲ. ಆದರೆ ಬುಡದಿಂದ ಚಿಗುರು ಒಡೆಯುತ್ತಲೇ ಇರುತ್ತದೆ, ವಾರ ಬಿಟ್ಟರೆ ಪೊದೆ. ತೋಟದ ಭಗವಾ ತಳಿ ಆಗಿದ್ದರೆ ಕಾಯಿಯೂ ದೊಡ್ಡದು. ಅಂಗೈಯಗಲದ ಗಿಡಕ್ಕೆ ಒಂದು ಕಾಯಿ ಬಿಟ್ಟರೂ ಕೊಂಬೆ ಸೋತುಹೋಗುತ್ತದೆ. ಇದರ ಮೇಲೆ ದುಂಡಾಣು ಅಂಗಮಾರಿ ರೋಗದ ಭಯ. ಎಲೆ ಮೇಲೆ ಎಣ್ಣೆ ಹನಿ ಬಿದ್ದಂಥ ಚುಕ್ಕೆ ಕಂಡರೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಗಿಡ ಮುಟ್ಟಬೇಡಿ.

ಕಾಮಿನಿ ನೂರೈವತ್ತು ರೂಪಾಯಿಗೆ ಎಲ್ಲಾ ಕಡೆ ಸಿಗುತ್ತದೆ. ಕಾಡು ಕರಿಬೇವು ಅಂತಲೂ ಕರೆಯುತ್ತಾರೆ. ಮಳೆ ಬಿದ್ದ ಮೇಲೆ ಒಮ್ಮೆಲೇ ಹೂವು, ವಾಸನೆ ಇಡೀ ಓಣಿಗೆ. ಕಟ್ಟಿಗೆ ಗಟ್ಟಿ, ಬುಡ ದಪ್ಪವಾಗುವುದು ಮಾತ್ರ ನಿಧಾನ. ಇದೇ ಗೆಲ್ಲಬೇಕಿತ್ತು. ಹಿಂದಕ್ಕೆ ಬಿದ್ದದ್ದು ನಮ್ಮ ನೀರಿನಿಂದ.

ನೀರಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಬಾಗಲಕೋಟೆ, ವಿಜಯಪುರದಲ್ಲಿ ಬೋನ್ಸಾಯ್ ಕೈಕೊಡುವುದು ಹೆಚ್ಚಾಗಿ ಇಲ್ಲೇ. ನಮ್ಮದು ಬೋರ್ ನೀರು. ಬಕೆಟ್ ಅಂಚಿಗೆ, ನಲ್ಲಿ ಬಾಯಿಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಕುಂಡದ ಮಣ್ಣಿನ ಮೇಲೂ ಕಟ್ಟುತ್ತದೆ. ಸುಣ್ಣ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕೆಳಗಿನ ಹಳೆಯ ಎಲೆ ಹಳದಿಯಾದರೆ ಅದು ಬೇರೆ, ಸಾಮಾನ್ಯವಾಗಿ ಸಾರಜನಕ ಕಡಿಮೆ. ಕಾಮಿನಿ ನಿಂಬೆಯ ಕುಟುಂಬದ್ದು, ನಿಂಬೆಯ ಹಾಗೆಯೇ ಈ ಹಳದಿ ರೋಗಕ್ಕೆ ಬೇಗ ಸಿಗುತ್ತದೆ. ವಾಟರ್ ಜಾಸ್ಮಿನ್‌ಗೂ ಬಂತು, ಆದರೆ ತಡವಾಗಿ.

ಬೋರ್ ನೀರು ಬಿಟ್ಟು ಮಳೆ ನೀರು ಹಾಕಿದರೂ ಕಾಮಿನಿ ಹಳದಿ ಬಿಡಲಿಲ್ಲ. ಕುಂಡದ ಜೊತೆ ಅಂಗಡಿಯವರು ಕೊಟ್ಟಿದ್ದ 'ಬೋನ್ಸಾಯ್ ಮಿಕ್ಸ್' ಚೀಲದಲ್ಲಿ ಬೂದು ಬಣ್ಣದ ಖಡಿ ಇತ್ತು. ಒಂದು ಹರಳು ಜಜ್ಜಿ ಪುಡಿ ಮಾಡಿ, ಅರ್ಧ ನಿಂಬೆಹಣ್ಣು ಹಿಂಡಿದೆ. ಬುಸುಬುಸು ಅಂತ ಸಣ್ಣ ನೊರೆ ಎದ್ದಿತು. ಸುಣ್ಣಕಲ್ಲು! ನಮ್ಮ ಲೋಕಾಪುರ, ಕಲಾದಗಿ ಸೀಮೆಯಲ್ಲಿ ಸುಣ್ಣಕಲ್ಲು ಹೇರಳ, ಸಿಮೆಂಟಿಗೆ ಬಂಗಾರ, ಕುಂಡಕ್ಕೆ ವಿಷ. ಮೇಲಿಂದ ಸುಣ್ಣದ ನೀರು, ಕೆಳಗೆ ಸುಣ್ಣದ ಕಲ್ಲು, ಗಿಡ ಹೇಗೆ ಹಸಿರಾದೀತು?

ಈಗ ಇಳಕಲ್ಲಿನ ಕೆಂಪು ಗ್ರಾನೈಟ್ ಚೂರು ಬಳಸುತ್ತೇನೆ. ನಿಂಬೆ ಹಿಂಡಿದರೆ ಇದು ತೆಪ್ಪಗೆ ಕೂತಿರುತ್ತದೆ. ಬಟಾಣಿ ಗಾತ್ರಕ್ಕೆ ಜರಡಿ ಹಿಡಿದು, ಅಷ್ಟೇ ಹೊಸ ಇಟ್ಟಿಗೆ ಚೂರು, ಒಂದು ಪಾಲು ಹಳೆ ಗೊಬ್ಬರ. ಹಳೆ ಗೋಡೆಯ ಇಟ್ಟಿಗೆ ಬೇಡ, ಅದಕ್ಕೆ ಗಾರೆ ಅಂಟಿರುತ್ತದೆ. ಎರೆ ಮಣ್ಣಂತೂ ಬೇಡವೇ ಬೇಡ. ನೀರುಂಡರೆ ಅಂಟು, ಒಣಗಿದರೆ ಬಿರುಕು, ಬೇರು ಹರಿಯುತ್ತದೆ.

ಈ ಹಳದಿ ರೋಗಕ್ಕೆ ಹಾಕುವ ಕಬ್ಬಿಣದ ಗೊಬ್ಬರದ ಪುಡಿ ಕೊಳ್ಳುವಾಗ ಪಾಕೀಟು ಓದಿ. ಅಗ್ಗದ್ದರಲ್ಲಿ ಕಬ್ಬಿಣವನ್ನು ಹಿಡಿದಿಡಲು ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಸುಣ್ಣದ ಮಣ್ಣಿಗೆ ಹಾಕಿದರೆ ಅದು ಬಹಳ ಹೊತ್ತು ನಿಲ್ಲುವುದಿಲ್ಲ, ಎಲೆಗೆ ಸಿಂಪಡಿಸಲು ಸರಿ. ಬುಡಕ್ಕೆ ಹಾಕುವುದಾದರೆ ಇಡಿಡಿಎಚ್‌ಎ ಎಂಬ ಇನ್ನೊಂದು ರಾಸಾಯನಿಕ ಇರುವುದೇ ಆಗಬೇಕು. ನೀರಿಗೆ ಹಾಕಿದ ಕೂಡಲೇ ಕಡುಗೆಂಪಾಗುತ್ತದೆ. ದುಬಾರಿ, ಆದರೆ ಚಿಟಿಕೆ ಸಾಕು.

ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಹತ್ತಡಿ ಉದ್ದ ಹತ್ತಡಿ ಅಗಲದ ಮಾಳಿಗೆ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 180 ಲೀಟರ್. ಒಂದು ದೊಡ್ಡ ಡ್ರಮ್ ತುಂಬಲು ಅಷ್ಟು ಸಾಕು. ನಾಲ್ಕೈದು ಕುಂಡ ಇರುವವರಿಗೆ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ನಾನು ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತೇನೆ, ಸೊಳ್ಳೆ ಆಗುವುದಿಲ್ಲ.

ಇನ್ನು ವಾಟರ್ ಜಾಸ್ಮಿನ್ ನನ್ನ ಮನಸ್ಸು ಗೆದ್ದದ್ದು ಹೇಗೆ ಅಂದರೆ, ಅದು ಹೇಳಿದ ಹೊತ್ತಿಗೆ ಹೂ ಬಿಡುತ್ತದೆ. ಗಿಡ ಚೆನ್ನಾಗಿ ಬೆಳೆಯುತ್ತಿರುವಾಗ ಎಲೆಯನ್ನೆಲ್ಲಾ ಕಿತ್ತುಬಿಡಬೇಕು, ತುದಿ ಸ್ವಲ್ಪ ಸವರಬೇಕು. ಮೂರು ವಾರದ ಸುಮಾರಿಗೆ ಹೊಸ ಚಿಗುರಿನ ಜೊತೆಯಲ್ಲೇ ಮೊಗ್ಗು ಬರುತ್ತದೆ. ಚಳಿಗಾಲದಲ್ಲಿ ಈ ಆಟ ಬೇಡ. ನಾನು ಪಂಚಮಿಗೆ ಹೂವಾಗಲಿ ಅಂತ ಮುಂಚೆಯೇ ಲೆಕ್ಕ ಹಾಕಿ ಎಲೆ ಕೀಳುತ್ತೇನೆ. ಕಾಮಿನಿ ಮಳೆಯ ಮರ್ಜಿ ಕಾಯುತ್ತದೆ, ದಾಳಿಂಬೆ ತನ್ನ ಹಂಗಾಮು ನೋಡುತ್ತದೆ.

ಹೂವು ಐದೆಸಳಿನ ಪುಟ್ಟ ಬಿಳಿ ನಕ್ಷತ್ರ. ದಾರದಂಥ ತೊಟ್ಟಿಗೆ ತೂಗುಬಿದ್ದು ನೆಲ ನೋಡುತ್ತದೆ. ಮೊದಲ ಸಲ ನೋಡಿದಾಗ ಅವ್ವ ಗಾಬರಿಯಾದಳು: "ಹೂವೆಲ್ಲಾ ಕೆಳಗ ಮಾರಿ ಮಾಡ್ಯಾವಲ್ಲೋ, ನೀರು ಹಾಕಿಲ್ಲೇನು?" ಅದಕ್ಕೇ ಈ ಕುಂಡವನ್ನು ನೆಲದ ಮೇಲೆ ಇಡಬಾರದು. ನಾನು ಪ್ಯಾರಾಪೆಟ್ ಮೇಲೆ, ಕಣ್ಣಿಗಿಂತ ಒಂದು ಗೇಣು ಎತ್ತರಕ್ಕೆ ಇಟ್ಟಿದ್ದೇನೆ. ಕೆಳಗೆ ನಿಂತು ತಲೆಯೆತ್ತಿದರೆ ಹೂವಿನ ಮುಖ ಕಾಣುತ್ತದೆ, ವಾಸನೆಯೂ ನೇರ ಮೂಗಿಗೆ.

ಕಷ್ಟ ಏನೆಂದರೆ ಬಾಯಾರಿಕೆ. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಎರಡು ಸಲ ನೀರು, ಮೇಲೆ ಹಸಿರು ನೆರಳು ಬಲೆ, ಕುಂಡದ ಕೆಳಗೆ ನೀರು ನಿಂತ ತಟ್ಟೆ. ಮೊಗ್ಗು ಇದ್ದಾಗ ಒಂದು ಮಧ್ಯಾಹ್ನ ಒಣಗಿದರೆ ಮೊಗ್ಗೆಲ್ಲಾ ಉದುರುತ್ತದೆ. ಹಿಟ್ಟು ತಿಗಣೆಯೂ ಬರುತ್ತದೆ, ಬೇವಿನ ಎಣ್ಣೆ ಸಾಕು. ಕತ್ತರಿಸಿದಲ್ಲಿ ಬಿಳಿ ಹಾಲು ಸುರಿಯುತ್ತದೆ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ನಾನು ಬೆಳಿಗ್ಗೆ ಸಂಜೆ ಮನೆಯಲ್ಲೇ ಇರುವವನು, ಕುಂಡದ ಮುಂದೆ ಕೂರುವುದೇ ನನಗೆ ವಿಶ್ರಾಂತಿ, ಹಾಗಾಗಿ ಒಂಬೈನೂರು ಹೆಚ್ಚೆನಿಸಲಿಲ್ಲ. ಕತ್ತರಿಸಿದ ಕಡ್ಡಿ ಬೇಗ ಬೇರು ಬಿಡುವುದರಿಂದ ಒಂದು ಗಿಡ ಕೊಂಡರೆ ಮುಂದಿನವು ಪುಕ್ಕಟೆ. ವಾರಗಟ್ಟಲೆ ಊರು ಬಿಡುವವರು ಭಗವಾ ಬಿಟ್ಟು ಗಿಡ್ಡ ತಳಿಯ ದಾಳಿಂಬೆ ತೆಗೆದುಕೊಳ್ಳಿ. ಬೆಳಗಾವಿಯವರಿಗೆ ನನ್ನ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅಲ್ಲಿ ಮಳೆ ನಮ್ಮ ಎರಡರಷ್ಟು, ಮಣ್ಣು ಕೆಂಪು. ಅಂಥ ಕಡೆ ನೂರೈವತ್ತರ ಕಾಮಿನಿಯಿಂದಲೇ ಶುರು ಮಾಡಬಹುದು. ಖಡಿಗೆ ಮಾತ್ರ ಅಲ್ಲಿಯೂ ನಿಂಬೆಹಣ್ಣು ಹಿಂಡಿ ನೋಡಿ.