ಬೀಜವನ್ನು ಗಾಣದಲ್ಲಿ ಬಿಟ್ಟು ಮನೆಗೆ ಬರಬೇಡಿ

ಶಿರಾ, ಪಾವಗಡ, ಮಧುಗಿರಿ ಕಡೆ ಮನೆ ಕಡ್ಲೆಕಾಯಿ ಸುಲಿದು ಎಣ್ಣೆ ಆಡಿಸುವವರು ಇದನ್ನು ಓದಿ.

ಈ ಸಲ ನಮ್ಮ ಕಾಯಿ ಚೆನ್ನಾಗಿ ಒಣಗಿತ್ತು. ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಜೊಳ್ಳು, ಬೂಷ್ಟು ಹಿಡಿದದ್ದನ್ನೆಲ್ಲ ಆರಿಸಿ ತೆಗೆದು 30 ಕೆಜಿ ಬೀಜವನ್ನು ಪೇಟೆಯ ಒಂದು ಮರದ ಗಾಣಕ್ಕೆ ಒಯ್ದೆ. "ಕರೆಂಟ್ ಇಲ್ಲ ಅಕ್ಕ, ಇಟ್ಟು ಹೋಗಿ, ನಾಳೆ ಬನ್ನಿ" ಅಂದರು. ಸುಮ್ನೆ ಇಟ್ಟು ಬಂದೆ.

ಮಾರನೇ ದಿನ 10 ಲೀಟರ್ ಎಣ್ಣೆ, 15 ಕೆಜಿ ಹಿಂಡಿ ಕೊಟ್ಟರು. ಕೇಳಿದ್ದಕ್ಕೆ "ಬೀಜ ಹಸಿ ಇತ್ತು" ಅಂದರು.

ಲೆಕ್ಕ ಹಾಕಿದ್ದು ಮನೆಗೆ ಬಂದ ಮೇಲೆ. ಒಳ್ಳೆ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಮರದ ಗಾಣದಲ್ಲಿ ಅಷ್ಟೂ ಬರುವುದಿಲ್ಲ, ನೂರು ಕೆಜಿಗೆ 40 ಕೆಜಿ ಆಸುಪಾಸು. ಅಂದರೆ ನನಗೆ 12 ಕೆಜಿ ಬರಬೇಕಿತ್ತು. ಲೀಟರ್ ಎಣ್ಣೆ ಒಂದು ಕೆಜಿ ತೂಗುವುದಿಲ್ಲ, 910 ಗ್ರಾಂ ಚಿಲ್ಲರೆ ಅಷ್ಟೇ. ನನಗೆ ಸಿಕ್ಕಿದ್ದು 9 ಕೆಜಿ ಚಿಲ್ಲರೆ. ಸರಿ, ಬೀಜ ಹಸಿಯೇ ಇತ್ತು ಅನ್ನಿ. ಆಗ ಹಿಂಡಿ ಜಾಸ್ತಿ ಬರಬೇಕು ಅಲ್ವಾ? ಗಾಣಕ್ಕೆ ನೀರು ಬೇರೆ ಚಿಮುಕಿಸುತ್ತಾರೆ. ಎಣ್ಣೆ, ಹಿಂಡಿ ಎರಡೂ ಸೇರಿಸಿದರೆ 24 ಕೆಜಿ. ಉಳಿದ 6 ಕೆಜಿ ಎಲ್ಲಿ ಹೋಯಿತು?

ಅದಕ್ಕಿಂತ ದೊಡ್ಡ ಅನುಮಾನ ಆಮೇಲೆ ಬಂತು. ಹೊಸದಾಗಿ ಆಡಿಸಿದ ಎಣ್ಣೆ ಮಬ್ಬಾಗಿರುತ್ತದೆ, ಎರಡು ಮೂರು ದಿನಕ್ಕೆ ತಳದಲ್ಲಿ ಗಸಿ ಕೂರುತ್ತದೆ. ಇದು ಮೊದಲ ದಿನವೇ ಕನ್ನಡಿ ಥರ ಇತ್ತು. ವಾರವಾದರೂ ಗಸಿಯಿಲ್ಲ. ಬೋಂಡ ಹಾಕುವಾಗ ಅತ್ತೆ ಮೂಸಿ ನೋಡಿ, "ಇದು ನಮ್ಮ ಕಾಯಿ ಎಣ್ಣೆ ಅಲ್ಲ ಕಣಮ್ಮ" ಅಂದರು. ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ. ಫ್ರಿಜ್‌ನಲ್ಲಿಟ್ಟು ನೋಡಿ, ಗಟ್ಟಿಯಾದರೆ ಕಲಬೆರಕೆ ಅಂತ ಒಬ್ಬರು ಹೇಳಿದರು. ಅದನ್ನು ನಂಬಬೇಡಿ, ಅಪ್ಪಟ ಕಡ್ಲೆಕಾಯಿ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತದೆ.

ಆ ಹಿಂಡಿಯನ್ನು ಹಸುವಿಗೂ ಹಾಕಲಿಲ್ಲ. ಯಾರ ಬೂಷ್ಟು ಬೀಜದ್ದೋ ಏನೋ. ಬೂಷ್ಟಿನ ವಿಷ ಹೆಚ್ಚಾಗಿ ಹಿಂಡಿಯಲ್ಲೇ ಉಳಿಯುತ್ತದೆ, ಹಸು ತಿಂದರೆ ಹಾಲಿಗೂ ಬರುತ್ತದೆ.

ಹೋದ ತಿಂಗಳು ಬೇರೆ ಗಾಣಕ್ಕೆ ಹೋಗಿದ್ದೆ. ಬೀಜ ತೂಗಿಸಿ, ಎರಡೂವರೆ ಗಂಟೆ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಎಣ್ಣೆಯನ್ನೂ ಹಿಂಡಿಯನ್ನೂ ಕಣ್ಣೆದುರೇ ತೂಗಿಸಿದೆ. ಅದೇ ಕಾಯಿಯ ಇನ್ನೊಂದು 30 ಕೆಜಿ ಬೀಜಕ್ಕೆ 12 ಕೆಜಿ ಎಣ್ಣೆ, 17 ಕೆಜಿ ಹಿಂಡಿ. ಹಳೇ ಕ್ಯಾನಿನ ಎಣ್ಣೆ ಈಗ ದೇವರ ಮನೆ ದೀಪಕ್ಕೆ ಹೋಗುತ್ತಿದೆ.