ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಹೆಚ್ಚು ನೋಯುವುದಿಲ್ಲ, ಅಪಾಯವಿರುವುದೇ ಅಲ್ಲಿ

ಚಿಟ್ಟೆಗಳು ಬರಲೆಂದು ಮನೆಯಂಗಳದಲ್ಲಿ ಎಕ್ಕದ ಗಿಡ ಬೆಳೆಸಿರುವವರೂ ಬೆಳೆಸಬೇಕೆಂದಿರುವವರೂ ಇದನ್ನು ಒಮ್ಮೆ ಓದಿಕೊಳ್ಳಬೇಕೆಂದು ಕೋರುತ್ತೇನೆ.

ನಮ್ಮ ಗೇಟಿನ ಪಕ್ಕದ ಎಕ್ಕ ಆಳೆತ್ತರ ಮೀರಿ ಬೆಳೆದು ಓಡಾಡುವವರಿಗೆ ಅಡ್ಡವಾಗುತ್ತಿತ್ತು. ಊರಿನಿಂದ ಬಂದಿದ್ದ ನಮ್ಮ ಭಾವ ಮುಖದ ಮಟ್ಟದಲ್ಲಿದ್ದ ಕೊಂಬೆಯೊಂದನ್ನು ಮಚ್ಚಿನಿಂದ ಕಡಿದಾಗ ಅದರ ಹಾಲು ಅವರ ಬಲಗಣ್ಣಿಗೆ ಸಿಡಿಯಿತು. ಕಾಲಿಗೆ ಮುಳ್ಳು ಚುಚ್ಚಿದರೆ ಎಕ್ಕದ ಹಾಲನ್ನೇ ಬಿಟ್ಟುಕೊಂಡು ಬೆಳೆದವರು ಅವರು. ಕಣ್ಣು ತುಸು ಉರಿದು ಸುಮ್ಮನಾದದ್ದರಿಂದ ಟವೆಲಿನಲ್ಲಿ ಒರೆಸಿಕೊಂಡು ಉಳಿದ ಕೊಂಬೆಗಳನ್ನೂ ಕಡಿದು ಮುಗಿಸಿದರು. ರಾತ್ರಿ ಬೀದಿದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆ ಎಂದರು. ಬೆಳಗಾಗುವಷ್ಟರಲ್ಲಿ ಆ ಕಣ್ಣಿಗೆ ಲೋಕವೆಲ್ಲ ಆವಿ ಹಿಡಿದ ಗಾಜಿನಾಚೆ ಇರುವಂತಾಗಿ, ಪತ್ರಿಕೆಯ ದಪ್ಪಕ್ಷರದ ತಲೆಬರಹವೂ ಓದಲಾಗುತ್ತಿರಲಿಲ್ಲ. ಆಗಲೂ ನೋವೆಂಬುದು ಅಷ್ಟಾಗಿ ಇರಲಿಲ್ಲ.

ಮೆಡಿಕಲ್ ಸ್ಟೋರಿನವರು ಕೆಂಪಾದ ಕಣ್ಣನ್ನಷ್ಟೇ ನೋಡಿ, ಮದ್ರಾಸ್ ಐ ಇರಬೇಕೆಂದು ಒಂದು ಡ್ರಾಪ್ಸ್ ಕೊಟ್ಟು ಕಳುಹಿಸಿದ್ದರಿಂದ ಇನ್ನೊಂದು ದಿನ ವ್ಯರ್ಥವಾಯಿತು. ಕಣ್ಣಿನ ಆಸ್ಪತ್ರೆಯ ವೈದ್ಯರು ಯಂತ್ರದಲ್ಲಿ ನೋಡಿದ ಕೂಡಲೇ ಕೇಳಿದ ಮೊದಲ ಪ್ರಶ್ನೆ, ಯಾವುದಾದರೂ ಗಿಡದ ಹಾಲು ಬಿದ್ದಿತ್ತೇ ಎಂಬುದು. ಅವರು ವಿವರಿಸಿದಂತೆ, ಕಾರ್ನಿಯಾದ ಒಳಪದರದ ಜೀವಕೋಶಗಳು ನೀರನ್ನು ಸದಾ ಹೊರಹಾಕುತ್ತಿರುವುದರಿಂದಲೇ ಕಣ್ಣಿನ ಮುಂಭಾಗ ಪಾರದರ್ಶಕವಾಗಿರುತ್ತದೆ; ಎಕ್ಕದ ಹಾಲು ಒಳಗಿಳಿದು ಆ ಕೋಶಗಳಿಗೆ ಪೆಟ್ಟು ಕೊಟ್ಟಾಗ ನೀರು ಅಲ್ಲಿಯೇ ತುಂಬಿಕೊಂಡು ಕಾರ್ನಿಯಾ ಊದಿಕೊಳ್ಳುತ್ತದೆ. ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದ ಮೇಲೆ ಊತ ಇಳಿದು ದೃಷ್ಟಿ ಮರಳಿತು. ಆದರೆ ಒಮ್ಮೆ ಸತ್ತ ಆ ಕೋಶಗಳು ಮತ್ತೆ ಹುಟ್ಟುವುದಿಲ್ಲವಾದ್ದರಿಂದ, ಉಳಿದಿರುವ ಕೋಶಗಳನ್ನು ಎಣಿಸುವ ಪರೀಕ್ಷೆಗೆಂದು ಭಾವ ಇನ್ನೂ ಹೋಗಿಬರುತ್ತಿದ್ದಾರೆ.

ಹಾಲು ಸಿಡಿದ ಕ್ಷಣವೇ, ಉರಿ ಇರಲಿ ಬಿಡಲಿ, ಕಣ್ಣನ್ನು ತೆರೆದು ಹಿಡಿದು ಶುದ್ಧ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು, ಉಜ್ಜಬಾರದು. ಅದೇ ದಿನ ಕಣ್ಣಿನ ವೈದ್ಯರನ್ನು ಕಂಡು ಗಿಡದ ಹೆಸರನ್ನು ಹೇಳಬೇಕು. ಸ್ಟೀರಾಯ್ಡ್ ಹನಿ ಎಂದು ಇಲ್ಲಿ ಓದಿದ ಮಾತ್ರಕ್ಕೆ ಅದನ್ನು ನೀವೇ ಕೊಂಡು ಹಾಕಿಕೊಳ್ಳುವುದು ಬೇಡ, ಕಣ್ಣಿನಲ್ಲಿ ಸೋಂಕಿದ್ದರೆ ಅದರಿಂದ ಕೇಡೇ ಹೆಚ್ಚು.

ಗಿಡವನ್ನು ಗುರುತಿಸುವುದು ಕಷ್ಟವೇನಲ್ಲ. ತೊಟ್ಟು ಇಲ್ಲವೆಂಬಷ್ಟು ಚಿಕ್ಕದಾಗಿ ಎದುರುಬದುರು ಅಂಟಿಕೊಂಡ ದಪ್ಪ ಎಲೆಗಳು, ಎಳೆಯ ಭಾಗಗಳ ಮೇಲೆ ಬೆರಳಿಗೆ ಹತ್ತುವ ಬಿಳಿಯ ನವಿರು, ಮೇಣದಂಥ ಐದೆಸಳಿನ ಹೂವಿನ ನಡುವೆ ಎದ್ದು ನಿಂತ ಕಿರೀಟ, ಒಣಗಿ ಬಿರಿದರೆ ರೇಷ್ಮೆಯಂಥ ಎಳೆ ಹೊತ್ತು ಹಾರುವ ಬೀಜಗಳು ಇದರ ಲಕ್ಷಣ. ಎಸಳುಗಳು ಅಗಲವಾಗಿ ಬಿಚ್ಚಿಕೊಂಡು ತಿಳಿನೇರಳೆಯೋ ಬಿಳಿಯೋ ಆಗಿದ್ದರೆ ಅದು ಕ್ಯಾಲೋಟ್ರೋಪಿಸ್ ಜೈಜಾಂಟಿಯಾ. ಎಸಳು ನೆಟ್ಟಗಿದ್ದು ತುದಿ ಮಾತ್ರ ಕಡುನೇರಳೆಯಾಗಿದ್ದರೆ ಅದರ ಸೋದರಜಾತಿ ಪ್ರೊಸೆರಾ. ಬಿಳಿ ಎಕ್ಕವೆಂದು ನಂಬಿ ಹೆಚ್ಚು ಹಣ ಕೊಟ್ಟು ತಂದರೂ ಒಳಗಿನ ಹಾಲು ಅದೇ. ನರ್ಸರಿಗಳಲ್ಲಿ 'ಮಿಲ್ಕ್‌ವೀಡ್' ಎಂದು ಮಾರುವ ಕೆಂಪು-ಹಳದಿ ಹೂವಿನ ಗಿಡ ಬಹುಮಟ್ಟಿಗೆ ಅಮೆರಿಕ ಖಂಡದಿಂದ ಬಂದ ಅಸ್ಕ್ಲೇಪಿಯಾಸ್ ಕುರಸಾವಿಕಾ. ಅದು ನಮ್ಮ ನೆಲದ್ದಲ್ಲ, ಅದರ ಹಾಲೂ ಕಣ್ಣಿಗೆ ಅಪಾಯಕಾರಿಯೇ.

ಇಷ್ಟಾದರೂ ಎಕ್ಕವನ್ನು ಬೇರುಸಹಿತ ಕೀಳಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳು ಆ ಎಲೆಯನ್ನು ತಿಂದೇ ಪ್ಲೇನ್ ಟೈಗರ್ ಚಿಟ್ಟೆಗಳಾಗುತ್ತವೆ, ಮತ್ತು ಅದೇ ವಿಷವನ್ನು ಮೈಯಲ್ಲಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗವಾದರೆ ಬೀಜದಿಂದಲೂ ಕಡ್ಡಿಯಿಂದಲೂ ಅದು ಬರುತ್ತದೆ, ಗೊಬ್ಬರದ ಹಂಗಿಲ್ಲ. ಗೇಟು, ಕಾಲುದಾರಿ, ಮಕ್ಕಳು ಆಡುವ ಜಾಗಗಳಿಂದ ದೂರದಲ್ಲಿ ನೆಡಿ. ಸವರುವುದಾದರೆ ಗಿಡ ಎದೆಮಟ್ಟ ಮೀರುವ ಮೊದಲೇ, ಮಚ್ಚು ಬೀಸದೆ ಕತ್ತರಿಯಿಂದ, ಬದಿಯೂ ಮುಚ್ಚುವ ಕನ್ನಡಕ ಮತ್ತು ಕೈಗವಸು ಹಾಕಿಕೊಂಡು ಸವರಿ. ಕೈಗವಸು ತೆಗೆದ ಮೇಲೂ ಸೋಪು ಹಾಕಿ ಕೈ ತೊಳೆಯುವವರೆಗೆ ಮುಖ ಮುಟ್ಟಬೇಡಿ.

ರಥಸಪ್ತಮಿಯ ದಿನ ಎಕ್ಕದ ಎಲೆಯನ್ನು ತಲೆಯ ಮೇಲಿಟ್ಟು ಸ್ನಾನ ಮಾಡಿಸುವ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಆಗತಾನೆ ಕಿತ್ತ ಎಲೆಯ ಬುಡದಿಂದ ಒಸರುವ ಹಾಲು ನೀರಿನೊಂದಿಗೆ ಹಣೆಯಿಂದ ನೇರವಾಗಿ ಕಣ್ಣಿಗಿಳಿಯಬಹುದು. ಎಲೆಯನ್ನು ಹಿಂದಿನ ಸಂಜೆಯೇ ಕಿತ್ತು, ಒಸರುವುದು ನಿಂತ ಮೇಲೆ ಬುಡವನ್ನು ತೊಳೆದು ಒರೆಸಿಟ್ಟುಕೊಳ್ಳಿ. ಮಕ್ಕಳಿಗೆ ನೀರು ಹಾಕುವಾಗ ಕಣ್ಣು ಮುಚ್ಚಿಸಿ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ.