ಎರಡು ಮಾಡ್‌ಗಳ ಕಂಪ್ಯೂಟರ್ ಜೋಡಿಸುವ ರೆಡಿಮೇಡ್ ಪ್ರೋಗ್ರಾಂ ಹಾಕುವ ಮುನ್ನ ಇದನ್ನು ಓದಿ

ಮೈನ್‌ಕ್ರಾಫ್ಟ್ 1.12.2ರಲ್ಲಿ ಕಂಪ್ಯೂಟರ್‌ಕ್ರಾಫ್ಟ್, ಓಪನ್‌ಕಂಪ್ಯೂಟರ್ಸ್ (ಆಟದೊಳಗೆ ಪ್ರೋಗ್ರಾಂ ಬರೆಯಬಹುದಾದ ಕಂಪ್ಯೂಟರ್ ಸೇರಿಸುವ ಮಾಡ್‌ಗಳು, ಅಂದರೆ ಆಟದ ಹೆಚ್ಚುವರಿ ತುಣುಕುಗಳು) ಎರಡನ್ನೂ ಹಾಕಿಕೊಂಡು ಬೇರೆಯವರ ಜೊತೆ ಆಡುತ್ತೀರಾ? ಹಾಗಿದ್ದರೆ ಹುಷಾರು. ನಮ್ಮ ತಂಡದ ಸಾಮಾನೆಲ್ಲ ರಾತ್ರೋರಾತ್ರಿ ಖಾಲಿಯಾಯಿತು. ಗೋಡೆ ಒಡೆದಿರಲಿಲ್ಲ, ಬೇಸ್ ಒಳಗೆ ಯಾರೂ ಕಾಲಿಟ್ಟಿರಲಿಲ್ಲ.

ಯಾರೋ ಹಂಚಿದ ರೆಡಿಮೇಡ್ ಪ್ರೋಗ್ರಾಂ ಹಾಕಿಕೊಂಡಿದ್ದೆವು. ನಮ್ಮ ಏರ್ಪಾಡು ಹೀಗಿತ್ತು. ಕಂಪ್ಯೂಟರ್‌ಕ್ರಾಫ್ಟ್‌ನ ಪಾಕೆಟ್ ಕಂಪ್ಯೂಟರ್‌ನಿಂದ 'ಇಷ್ಟು ಕಬ್ಬಿಣ ಕಳಿಸು' ಅಂತ ಎಂಡರ್ ಮೋಡೆಮ್ (ಎಷ್ಟು ದೂರಕ್ಕಾದರೂ ಮುಟ್ಟುವ ನಿಸ್ತಂತು ಮೋಡೆಮ್) ಮೂಲಕ ಕೇಳುವುದು. ಬೇಸ್‌ನ ಕಂಪ್ಯೂಟರ್ ಅದನ್ನು ಓಪನ್‌ಕಂಪ್ಯೂಟರ್ಸ್ ಕಡೆಗೆ ದಾಟಿಸುವುದು. ಓಪನ್‌ಕಂಪ್ಯೂಟರ್ಸ್‌ನ ರಿಲೇ ಬ್ಲಾಕ್ ಇನ್ನೊಂದು ಮಾಡ್‌ಗೆ ಮೋಡೆಮ್ ತರಹವೇ ಕಾಣುತ್ತದೆ, ಹಾಗಾಗಿ ಇದು ಸುಲಭ. ಆ ಕಡೆ ಅಡಾಪ್ಟರ್ (ಪಕ್ಕದ ಬ್ಲಾಕನ್ನು ಕಂಪ್ಯೂಟರ್‌ಗೆ ಜೋಡಿಸುವ ಬ್ಲಾಕ್) ಮೂಲಕ ಎಂಇ ಎಕ್ಸ್‌ಪೋರ್ಟ್ ಬಸ್ (ಅಪ್ಲೈಡ್ ಎನರ್ಜಿಸ್ಟಿಕ್ಸ್ ಮಾಡ್‌ನ ದಾಸ್ತಾನಿನಿಂದ ಸಾಮಾನು ಹೊರಹಾಕುವ ಸಾಧನ) ಸಾಮಾನನ್ನು ಎಂಡರ್ ಸ್ಟೋರೇಜ್ ಮಾಡ್‌ನ ಮೂರು ಬಣ್ಣದ ಎಂಡರ್ ಚೆಸ್ಟ್‌ಗೆ ಹಾಕುತ್ತಿತ್ತು. ಅದೇ ಮೂರು ಬಣ್ಣದ ಪೆಟ್ಟಿಗೆ ಎಲ್ಲಿಟ್ಟರೂ ಸಾಮಾನು ಸಿಗುತ್ತದೆ. ಯಾವ ಬಣ್ಣ ಅನ್ನುವುದು ಪ್ರೋಗ್ರಾಂ ಹಂಚಿದವನ ಸೂಚನೆಯಲ್ಲೇ ಇತ್ತು. ಅಂದರೆ ಅದನ್ನು ಓದಿದವರಿಗೆಲ್ಲ ಗೊತ್ತು!

ಪ್ರೋಗ್ರಾಂನಲ್ಲಿ ಭದ್ರತೆ ಅಂತ ಇದ್ದದ್ದು ಒಂದೇ: ಕಳಿಸಿದ ಕಂಪ್ಯೂಟರ್‌ನ ಐಡಿ ಸರಿಯಿದೆಯಾ ಅಂತ ನೋಡುವುದು. ಕಂಪ್ಯೂಟರ್‌ಕ್ರಾಫ್ಟ್‌ನ ಸಂದೇಶ ವ್ಯವಸ್ಥೆಯಾದ ರೆಡ್‌ನೆಟ್‌ನಲ್ಲಿ ಆ ಐಡಿಗೆ ಬೆಲೆಯೇ ಇಲ್ಲ. ಮೋಡೆಮ್‌ನಿಂದ ನೇರವಾಗಿ ಕಳಿಸಿದರೆ ಯಾರ ಐಡಿಯನ್ನಾದರೂ ಬರೆದುಕೊಳ್ಳಬಹುದು. ಕದ್ದು ಕೇಳುವುದು ಇನ್ನೂ ಸಲೀಸು. ರೆಡ್‌ನೆಟ್‌ನಲ್ಲಿ ಒಬ್ಬರಿಗೇ ಅಂತ ಕಳಿಸಿದ ಮಾತೂ ಮರುಪ್ರಸಾರಕ್ಕಾಗಿ 65533ನೇ ಚಾನೆಲ್‌ಗೆ ಹೋಗುತ್ತದೆ. ಎಂಡರ್ ಮೋಡೆಮ್ ಇಟ್ಟು ಆ ಒಂದು ಚಾನೆಲ್ ತೆರೆದು ಕೂತವನಿಗೆ ಎಲ್ಲರ ಮಾತೂ ಕೇಳಿಸುತ್ತದೆ. ಆಟದ ಇನ್ನೊಂದು ಲೋಕವಾದ ನೆದರ್‌ನಲ್ಲಿ ಕೂತಿದ್ದರೂ ಸರಿ.

ಇಷ್ಟೇ ಆಗಿದ್ದರೆ ಸಾಮಾನು ಹೋಯಿತು ಅಂತ ಸುಮ್ಮನಾಗಬಹುದಿತ್ತು. ಆದರೆ ಆ ಪ್ರೋಗ್ರಾಂ ಬಂದ ಪಠ್ಯವನ್ನು ಲೋಡ್ ಫಂಕ್ಷನ್‌ಗೆ (ಪಠ್ಯವನ್ನೇ ಕೋಡ್ ಆಗಿಸುವ ಫಂಕ್ಷನ್) ಕೊಟ್ಟು ಹಾಗೇ ಓಡಿಸುತ್ತಿತ್ತು. 'ಯಾವ ಆದೇಶ ಬೇಕಾದರೂ ಕಳಿಸಬಹುದು' ಅಂತ ಅದನ್ನೇ ದೊಡ್ಡ ಸೌಲಭ್ಯ ಅಂತ ಬರೆದಿದ್ದರು ಬೇರೆ. ಕಳ್ಳ ನಮ್ಮ ಕಂಪ್ಯೂಟರ್‌ನ ಸ್ಟಾರ್ಟಪ್ ಫೈಲ್‌ಗೇ ತನ್ನ ಸಾಲು ಸೇರಿಸಿ ಹೋಗಿದ್ದ. ಪ್ರೋಗ್ರಾಂ ಅಳಿಸಿದ ಮೇಲೂ, ರೀಬೂಟ್ ಆದಾಗಲೆಲ್ಲ ಅವನ ಕೋಡ್ ಓಡುತ್ತಿತ್ತು.

ಪಾಸ್‌ವರ್ಡ್ ಇಟ್ಟರೆ ಸಾಕು ಅನ್ನುವವರಿದ್ದಾರೆ. ಸಾಲದು. ಪಾಸ್‌ವರ್ಡ್ ಕೂಡ ಅದೇ ಗಾಳಿಯಲ್ಲಿ ಹೋಗುತ್ತದೆ ಅಲ್ವಾ? ಅದನ್ನು ಕಳಿಸದೆ, ಅದರಿಂದ ಸಂದೇಶಕ್ಕೆ ಸಹಿ ಲೆಕ್ಕ ಹಾಕಿ ಕಳಿಸಬೇಕು. ಜೊತೆಗೆ ಪ್ರತಿ ಸಲ ಏರುವ ಒಂದು ಸಂಖ್ಯೆಯೂ ಸಹಿಯೊಳಗೆ ಸೇರಬೇಕು. ಇಲ್ಲದಿದ್ದರೆ ಹಳೆಯ ಆದೇಶವನ್ನೇ ಹಿಡಿದಿಟ್ಟು ಮತ್ತೆ ಮತ್ತೆ ಕಳಿಸುತ್ತಾರೆ. ಇಷ್ಟೆಲ್ಲ ಬರೆಯುವ ತಾಳ್ಮೆ ಇಲ್ಲದಿದ್ದರೆ ಬೇಸ್ ಒಳಗೆ ತಂತಿಯ ಮೋಡೆಮ್ ಹಾಕಿ. ದೂರಕ್ಕೆ ಓಪನ್‌ಕಂಪ್ಯೂಟರ್ಸ್‌ನ ಲಿಂಕ್ಡ್ ಕಾರ್ಡ್ ಒಳ್ಳೆಯದು. ಅದರ ಮಾತು ತನ್ನ ಜೋಡಿ ಕಾರ್ಡ್‌ಗೆ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ.

ಇಂಥ ಪ್ರೋಗ್ರಾಂ ಈಗಾಗಲೇ ಓಡಿಸಿದ್ದರೆ ಸ್ಟಾರ್ಟಪ್ ಫೈಲ್ ಈಗಲೇ ತೆರೆದು ನೋಡಿ, ಡ್ರೈವ್‌ನಲ್ಲಿರುವ ಫ್ಲಾಪಿಯನ್ನೂ ನೋಡಿ. ಲೇಬಲ್ ಇಟ್ಟ ಕಂಪ್ಯೂಟರನ್ನು ಒಡೆದು ಮತ್ತೆ ಇಟ್ಟರೆ ಫೈಲ್‌ಗಳು ಹೋಗುವುದಿಲ್ಲ, ಜೊತೆಗೇ ಬರುತ್ತವೆ.